ಮಗುವಿಗೆ ಎಣ್ಣೆ-ನೀರು ಹಾಕುವ ಅಜ್ಜಿಯಂದಿರಿಗೆ

ಪ್ರೀತಿಯ ಅಜ್ಜಿಯಂದಿರೇ,

ಬಾಣಂತಿ ಮನೆಗಳಲ್ಲಿ ಕೂಸಿಗೆ ಎಣ್ಣೆ ತಿಕ್ಕಿ ನೀರು ಹಾಕುವ ನಿಮಗೆಲ್ಲ ಸೇರಿ ಈ ಪತ್ರ. ಸ್ವಂತ ಮೊಮ್ಮಗುವಿಗೆ ಹಾಕುವವರಿದ್ದೀರಿ, ಕೇರಿಯ ಮಕ್ಕಳಿಗೆಲ್ಲ ಹಾಕಿ ಬಾಣಂತನ ಮುಗಿದ ಮೇಲೆ ಸೀರೆ-ಕುಪ್ಪಸ ಇಸಿದುಕೊಂಡು ಹರಸಿ ಹೋಗುವವರೂ ಇದ್ದೀರಿ. ಓದಲು ಬಾರದವರಿಗೆ ಮಗಳೋ ಸೊಸೆಯೋ ಓದಿ ಹೇಳಲಿ. ಹೇಳುವವರು ದಯವಿಟ್ಟು, ಅಜ್ಜಿ ನಡುವೆ "ಅದೆಲ್ಲ ನಂಗೊತ್ತು ಬಿಡವ್ವ" ಅಂದರೂ ನಿಲ್ಲಿಸಬೇಡಿ.

ನನ್ನ ಮಗಳಿಗೆ ಹುಟ್ಟುವಾಗ ಬಲತೋಳಿನ ನರಗಳಿಗೆ ಪೆಟ್ಟಾಯಿತು. ಈಗವಳು ನಾಲ್ಕನೇ ಕ್ಲಾಸು. ಇಷ್ಟು ವರ್ಷಗಳಲ್ಲಿ ಮಕ್ಕಳ ಡಾಕ್ಟರು, ಮೂಳೆ ಡಾಕ್ಟರು, ನರದ ಡಾಕ್ಟರು, ಫಿಸಿಯೋಥೆರಪಿಯವರು ಎಲ್ಲರ ಮುಂದೆಯೂ ಕೂತು ಎದ್ದಿದ್ದೇನೆ. ಅವರಿಗೆ ಬರೆಯಬೇಕಾದದ್ದೂ ಬಹಳ ಇದೆ. ಆದರೆ ಮೊದಲು ನಿಮಗೆ ಬರೆಯುತ್ತಿರುವುದಕ್ಕೆ ಕಾರಣವಿದೆ. ಡಾಕ್ಟರ ಮೇಜಿನ ಮುಂದೆ ಹೋಗುವ ಕೂಸು ಕುಲಾವಿ, ಸ್ವೆಟರು, ಶಾಲು ಎಲ್ಲ ಸುತ್ತಿಕೊಂಡು ಹೋಗುತ್ತದೆ, ಎರಡು ನಿಮಿಷದಲ್ಲಿ ಹೊರಗೆ ಬರುತ್ತದೆ. ಅದೇ ಕೂಸು ಮೈಮೇಲೆ ಒಂದೆಳೆ ದಾರವಿಲ್ಲದೆ ದಿನಾ ನಿಮ್ಮ ಕಾಲ ಮೇಲೆ ಮಲಗುತ್ತದೆ. ಅದರ ಎರಡು ಕೈಗಳಲ್ಲಿ ಯಾವುದು ಚುರುಕು, ಯಾವುದು ಮಂಕು ಎಂದು ನಿಮಗಿಂತ ಮೊದಲು ತಿಳಿಯುವವರು ಯಾರೂ ಇಲ್ಲ.

ನಮ್ಮದು ಅರಸೀಕೆರೆ ಕಡೆಯ ಊರು. ಹೆರಿಗೆಯಾದ ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ "ಬಲಗೈ ಸ್ವಲ್ಪ ವೀಕ್ ಇದೆ, ಸರಿಹೋಗುತ್ತೆ" ಅಂದಿದ್ದರು. ಚೀಟಿಯಲ್ಲಿ ಅದರ ಸೊಲ್ಲೇ ಇರಲಿಲ್ಲ. ನೀರು ಹಾಕಲು ಬಂದ ಅಜ್ಜಿ ಕೂಸನ್ನು ಮಲಗಿಸಿಕೊಂಡು ಎಡಗೈ ಎತ್ತಿ ಬಿಟ್ಟರು. ಅದು ಮಡಚಿ, ಮುಷ್ಟಿ ಕಟ್ಟಿ, ಸೀದಾ ಬಾಯಿಗೆ ಹೋಯಿತು. ಬಲಗೈ ಎತ್ತಿ ಬಿಟ್ಟರು. ಅದು ಅಂಗೈಯನ್ನು ಹಿಂದಕ್ಕೆ ತಿರುಗಿಸಿಕೊಂಡು ಮಗ್ಗುಲಲ್ಲಿ ಬಿತ್ತು. ಇನ್ನೊಮ್ಮೆ ನೋಡಿದರು. ಚೊಂಬು ಕೆಳಗಿಟ್ಟ ಸದ್ದಿಗೆ ಕೂಸು ಬೆಚ್ಚಿದಾಗ ಎಡತೋಳು ಮಾತ್ರ ಅಗಲವಾಗಿ ತೆರೆದುಕೊಂಡಿತು. ಎಣ್ಣೆ ಬಟ್ಟಲು ಪಕ್ಕಕ್ಕೆ ಸರಿಸಿ ನನ್ನನ್ನು ಕರೆದರು. "ಈ ಕೈ ಆ ಕೈ ಥರ ಇಲ್ಲ ಕಣವ್ವ. ನಾನಿದನ್ನ ಮುಟ್ಟಕಿಲ್ಲ. ಮೊದ್ಲು ತೋರ್ಸ್ಕೊಂಬಾ."

ಈ ಮೂರು ಮಾತಿನಲ್ಲಿ ನಡುವಿನದು ನನಗೆ ಎಲ್ಲಕ್ಕಿಂತ ದೊಡ್ಡದು. ನೋಡಿ ತಿಳಿದುಕೊಂಡವರು ಅನೇಕರಿರುತ್ತಾರೆ, ಮುಟ್ಟುವುದಿಲ್ಲ ಅನ್ನುವವರು ಕಡಿಮೆ. "ಉಳುಕಿದೆ, ಒಂದ್ಸಲ ಎಳೆದ್ರೆ ಕೂರುತ್ತೆ" ಎಂದು ಎಳೆಯುವವರು ನಮ್ಮ ಪಕ್ಕದ ಬೀದಿಯಲ್ಲೇ ಇದ್ದರು. ಹರಿದಿರುವುದು ನರವಾದರೆ ಎಳೆತದಿಂದ ಕೂರುವುದು ಏನೂ ಇಲ್ಲ. ಮೇಲಾಗಿ ತೋಳಿನ ನರಕ್ಕೆ ಪೆಟ್ಟಾಗುವ ಹೆರಿಗೆಯಲ್ಲಿ ಕೆಲವೊಮ್ಮೆ ಕೊರಳ ಬುಡದ ಮೂಳೆಯೋ ತೋಳಿನ ಮೂಳೆಯೋ ಮುರಿದಿರುತ್ತದೆ. ಎಕ್ಸ್-ರೇ ಆಗುವವರೆಗೆ ಆ ತೋಳನ್ನು ತಿಕ್ಕುವುದೂ ಬೇಡ, ಎತ್ತುವುದೂ ಬೇಡ. ಕಂಕುಳಿಗೆ ಕೈ ಹಾಕಿ ಕೂಸನ್ನು ಎತ್ತಿಕೊಳ್ಳುವ ಅಭ್ಯಾಸವಿದ್ದರೆ ಅದನ್ನೂ ಬಿಟ್ಟು, ಬೆನ್ನಿಗೂ ಕುಂಡೆಗೂ ಕೈಕೊಟ್ಟು ಎತ್ತಿ. ನಾಟಿ ಕಟ್ಟು ಕಟ್ಟಿಸುವುದಂತೂ ಬೇಡವೇ ಬೇಡ.

ಏನಾಗಿರುತ್ತದೆ ಎಂದು ನಿಮಗೆ ಯಾರೂ ಬಿಡಿಸಿ ಹೇಳಿರಲಾರರು. ಹೆಚ್ಚಾಗಿ ಆಗುವುದು ಹೀಗೆ: ತಲೆ ಹೊರಗೆ ಬಂದ ಮೇಲೆ ಕೂಸಿನ ಭುಜ ತಾಯಿಯ ಕಿಬ್ಬೊಟ್ಟೆಯ ಮುಂದಿನ ಮೂಳೆಗೆ ಸಿಕ್ಕಿಕೊಳ್ಳುತ್ತದೆ. ಆಗ ಕೂಸಿಗೆ ಉಸಿರಿಲ್ಲ. ಹೆರಿಗೆ ಮಾಡಿಸುವವರ ಕೈಯಲ್ಲಿರುವುದು ಕೆಲವೇ ನಿಮಿಷ. ತಾಯಿಯ ತೊಡೆಗಳನ್ನು ಹೊಟ್ಟೆಯ ಕಡೆಗೆ ಪೂರ್ತಿ ಮಡಚಿ ಹಿಡಿದು, ಕಿಬ್ಬೊಟ್ಟೆಯನ್ನು ಮೇಲಿಂದ ಒತ್ತಿ ಭುಜ ಬಿಡಿಸಬೇಕು. ಆ ಗಡಿಬಿಡಿಯಲ್ಲಿ ತಲೆ ಒಂದು ಕಡೆ, ಭುಜ ಒಂದು ಕಡೆ ಎಳೆದುಕೊಂಡರೆ ನಡುವಿನ ನರಗಳು ಹಿಗ್ಗುತ್ತವೆ, ಕೆಲವು ಹರಿಯುತ್ತವೆ. ಕತ್ತಿನ ಬೆನ್ನುಮೂಳೆಯಿಂದ ಐದು ನರಗಳು ಹೊರಟು, ಜಡೆ ಹೆಣೆದ ಹಾಗೆ ಒಂದರೊಳಗೊಂದು ಹೆಣೆದುಕೊಂಡು ತೋಳಿಗೆ ಇಳಿಯುತ್ತವೆ. ಮೇಲಿನ ಎರಡಕ್ಕೆ ಪೆಟ್ಟಾದರೆ ಭುಜ ಏಳುವುದಿಲ್ಲ, ಮೊಣಕೈ ಮಡಚುವುದಿಲ್ಲ, ಬೆರಳು ಮಾತ್ರ ಆಡುತ್ತವೆ. ಅದಕ್ಕೆ ಎರ್ಬ್ಸ್ ಪಾಲ್ಸಿ ಎನ್ನುತ್ತಾರೆ. 1874ರಲ್ಲಿ ಅದನ್ನು ವಿವರಿಸಿದ ಜರ್ಮನಿಯ ವೈದ್ಯ ವಿಲ್ಹೆಲ್ಮ್ ಎರ್ಬ್ ಅವರ ಹೆಸರು ಅದು. ಐದಕ್ಕೂ ಪೆಟ್ಟಾದರೆ ಇಡೀ ಕೈ ಜೋತುಬೀಳುತ್ತದೆ. ಜೊತೆಗೆ ಅದೇ ಪಕ್ಕದ ಕಣ್ಣಿನ ರೆಪ್ಪೆ ಇಳಿದು, ಕಣ್ಣುಪಾಪೆ ಚಿಕ್ಕದಾಗಿ ಕಂಡರೆ ನರ ಬೆನ್ನುಹುರಿಯಿಂದಲೇ ಕಿತ್ತುಬಂದಿರಬಹುದು. ಕಾಡಿಗೆ ಹಚ್ಚುವವರು ನೀವು, ಕಣ್ಣಿನ ಈ ವ್ಯತ್ಯಾಸ ಕಾಣುವುದೂ ನಿಮಗೇ. ಕಂಡ ದಿನವೇ ಹೇಳಿ.

ತೋಳಿನ ನರಗಳಿಗೆ ಹೀಗೆ ಪೆಟ್ಟಾಗುವುದು ಸಾವಿರ ಹೆರಿಗೆಗೆ ಹೆಚ್ಚುಕಡಿಮೆ ಒಂದರಲ್ಲಿ. ಬಸುರಿನಲ್ಲಿ ಸಕ್ಕರೆ ಕಾಯಿಲೆ ಬಂದಿದ್ದರೆ, ಕೂಸು ತೀರಾ ದಪ್ಪವಾಗಿದ್ದರೆ ಸಂಭವ ಹೆಚ್ಚು. ಇವು ಯಾವುವೂ ಇಲ್ಲದ ಹೆರಿಗೆಗಳಲ್ಲೂ ಆಗುತ್ತದೆ, ಮೊದಲೇ ಗೊತ್ತಾಗುವುದು ಅಪರೂಪ. ಆದರೆ ನಮ್ಮ ಮನೆಯಲ್ಲಿ ನಾಮಕರಣಕ್ಕೆ ಬಂದ ಹಿರಿಯರಿಗೆ ಕಾರಣ ಆಗಲೇ ಸಿಕ್ಕಿಬಿಟ್ಟಿತ್ತು. ಗ್ರಹಣದ ದಿನ ನಾನು ಈಳಿಗೆಮಣೆ ಮುಟ್ಟಿದ್ದೆನಂತೆ. ನಾನು ಬಸುರಿದ್ದ ತಿಂಗಳುಗಳಲ್ಲಿ ನಮ್ಮೂರಿಗೆ ಕಾಣುವ ಗ್ರಹಣವೇ ಇರಲಿಲ್ಲವೆಂದು ಮಾವನವರು ಪಂಚಾಂಗ ತಂದು ಪುಟ ತೆಗೆದು ತೋರಿಸಿದರು. ಪಂಚಾಂಗವನ್ನು ಅಷ್ಟು ನಂಬುವವರೇ ಅಂದು ಅದನ್ನು ನಂಬಲಿಲ್ಲ! ಅಜ್ಜಿಯಂದಿರೇ, ಬಾಣಂತಿ ಕೋಣೆಯಲ್ಲಿ ನೀವು ಆಡಿದ ಮಾತಿಗೆ ತೂಕ ಜಾಸ್ತಿ. ಹಸಿ ಬಾಣಂತಿ ಅದನ್ನು ವರ್ಷಗಟ್ಟಲೆ ಹೊರುತ್ತಾಳೆ. ಯಾರ ತಪ್ಪು ಎಂಬ ಮಾತು ಅಲ್ಲಿ ಎದ್ದರೆ ಅದನ್ನು ಅಲ್ಲಿಗೇ ನಿಲ್ಲಿಸಲು ನಿಮ್ಮೊಬ್ಬರಿಂದಲೇ ಆಗುತ್ತದೆ.

ಇನ್ನು ಮುಚ್ಚಿಡುವ ವಿಷಯ. "ಹೆಣ್ಣು ಕೂಸು, ಕೈ ಬರಲ್ಲ ಅಂತ ಊರಿಗೆಲ್ಲ ಗೊತ್ತಾದರೆ ನಾಳೆ ಏನು ಗತಿ?" ಎಂದು ಆಶಾ ಕಾರ್ಯಕರ್ತೆ ಬಂದಾಗ ಕೂಸನ್ನು ಶಾಲು ಹೊದಿಸಿ ತೋರಿಸಿದ ಮನೆಗಳನ್ನು ಬಲ್ಲೆ. ಆಶಾ ನಿಮ್ಮ ಮನೆಗೆ ಮೂರನೇ ದಿನ, ಏಳನೇ ದಿನ, ಆಮೇಲೂ ನಲವತ್ತೆರಡನೇ ದಿನದವರೆಗೆ ಬಿಟ್ಟು ಬಿಟ್ಟು ಬರುತ್ತಾಳೆ. ಬಂದಾಗ ಶಾಲು ತೆಗೆಯಿರಿ, ಎರಡೂ ಕೈ ತೋರಿಸಿ. ಹುಟ್ಟಿನಿಂದ ಬಂದ ತೊಂದರೆಗಳನ್ನು ನೋಡಲು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಎಂಬುದು 2013ರಿಂದ ಇದೆ. ಅದರಡಿ ಜಿಲ್ಲಾ ಮಟ್ಟದಲ್ಲಿ ಇಂಥ ಮಕ್ಕಳಿಗೆಂದೇ ಕೇಂದ್ರ ಮಾಡಿದ್ದಾರೆ. ಅಲ್ಲಿಗೆ ಹೋಗಲು ಚೀಟಿ ಆಶಾ ಮೂಲಕವೇ ಆದೀತು.

ಮುಚ್ಚಿಡಬಾರದು ಎನ್ನುವುದಕ್ಕೆ ನನ್ನ ಕಾರಣ ಧೈರ್ಯ-ಗೀರ್ಯ ಏನಲ್ಲ, ಕಾಲ. ಬರೀ ಹಿಗ್ಗಿದ ನರ ತಾನಾಗಿ ಸರಿಹೋಗುತ್ತದೆ, ಹೆಚ್ಚಿನ ಕೂಸುಗಳಲ್ಲಿ ಆಗುವುದೂ ಹಾಗೆಯೇ. "ಸರಿಹೋಗುತ್ತೆ" ಎಂದು ಎಲ್ಲರೂ ಹೇಳುವುದು ಅದಕ್ಕೇ. ಆದರೆ ಹತ್ತರಲ್ಲಿ ಎರಡು-ಮೂರು ಕೂಸುಗಳಲ್ಲಿ ಕೊರತೆ ಉಳಿಯುತ್ತದೆ. ಯಾವ ಕೂಸು ಆ ಗುಂಪಿನದು ಎಂದು ಹೇಳುವ ಗುರುತು ಮೊಣಕೈ. ಮೂರು ತಿಂಗಳು ತುಂಬುವ ಹೊತ್ತಿಗೆ ಕೂಸು ತಾನಾಗಿ ಮೊಣಕೈ ಮಡಚಿ ಕೈಯನ್ನು ಮೇಲಕ್ಕೆ ತರದಿದ್ದರೆ, ನರಗಳ ಆಪರೇಷನ್ ಮಾಡುವವರಿಗೆ ತೋರಿಸಲೇಬೇಕು. ಒಂಬತ್ತನೇ ತಿಂಗಳಲ್ಲಿ ಇನ್ನೊಂದು ಪರೀಕ್ಷೆ ಮಾಡುತ್ತಾರೆ. ಕೈಗೆ ಬಿಸ್ಕತ್ತು ಕೊಟ್ಟು, ಮೇಲ್ದೋಳನ್ನು ಮಗ್ಗುಲಿಗೆ ಒತ್ತಿ ಹಿಡಿದು, ಕತ್ತು ಬಗ್ಗಿಸದೆ ಬಾಯಿಗೆ ತರುತ್ತದೆಯೇ ಎಂದು ನೋಡುತ್ತಾರೆ. ಬಾಯಿಯೇ ಬಿಸ್ಕತ್ತಿನ ಹತ್ತಿರ ಹೋದರೆ ಅದು ಲೆಕ್ಕಕ್ಕಿಲ್ಲ. ನರ ಬೆಳೆಯುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಕತ್ತಿನಿಂದ ಹೊರಟು ತೋಳು ತಲುಪಲು ತಿಂಗಳುಗಟ್ಟಲೆ ಬೇಕು, ಅಷ್ಟರಲ್ಲಿ ನರದ ಅಪ್ಪಣೆ ಸಿಗದ ಸ್ನಾಯು ಸೊರಗಿ ಹೋಗುತ್ತಿರುತ್ತದೆ. ವರ್ಷ ಒಂದೂವರೆ ವರ್ಷ ಕಳೆದ ಮೇಲೆ ನರ ಬಂದು ತಲುಪಿದರೂ ಪ್ರಯೋಜನವಿಲ್ಲ. ಹಾಗಾಗಿ ಹರಿದ ನರವನ್ನು ಕೂಡಿಸುವ ಕೆಲಸವನ್ನು ಕೂಸಿಗೆ ವರ್ಷ ತುಂಬುವ ಮೊದಲೇ ಮಾಡುತ್ತಾರೆ. ನನ್ನ ಮಗಳಿಗೆ ಮೀನಖಂಡದ ಹಿಂಬದಿಯಿಂದ ಒಂದು ನರ ತೆಗೆದು ಕತ್ತಿನ ಹತ್ತಿರ ಕೂಡಿಸಿದರು. ಕಾಲಿನ ಹೊರ ಅಂಚಿನಲ್ಲಿ ಒಂದಿಷ್ಟು ಜೋಮು ಬಿಟ್ಟರೆ ಕಾಲಿಗೇನೂ ಆಗಿಲ್ಲ. ಕೊಯಮತ್ತೂರಿನ ಗಂಗಾ ಆಸ್ಪತ್ರೆ ಈ ಕೆಲಸಕ್ಕೆ ಹೆಸರಾದದ್ದು, ಬೆಂಗಳೂರಿನಲ್ಲೂ ಮಾಡುವವರಿದ್ದಾರೆ.

ಎಷ್ಟು ದೊಡ್ಡ ಮನೆಯಾದರೂ ನರ ಕೂಡಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ಒಂದು ಕಥೆ ಹೇಳುತ್ತೇನೆ, ಅದರಲ್ಲೂ ಒಬ್ಬ ಅಜ್ಜಿ ಇದ್ದಾರೆ. ನಮ್ಮನ್ನೂ ಆಳಿದ ವಿಕ್ಟೋರಿಯಾ ರಾಣಿಯ ಮೊದಲ ಮೊಮ್ಮಗ ಹುಟ್ಟಿದ್ದು ಬರ್ಲಿನ್‌ನಲ್ಲಿ, 1859ರ ಜನವರಿ 27ರಂದು. ತಾಯಿಗೆ ಹದಿನೆಂಟು ವರ್ಷ, ಕೂಸು ಅಡಿಮೇಲಾಗಿತ್ತು, ಹೆರಿಗೆ ಬಲು ಕಷ್ಟವಾಯಿತು. ಬದುಕಿದ್ದೇ ಹೆಚ್ಚೆನ್ನುವ ಆ ಗಲಾಟೆಯಲ್ಲಿ ಎಡಗೈ ಆಡುತ್ತಿಲ್ಲ ಎಂಬುದು ತಕ್ಷಣಕ್ಕೆ ಯಾರಿಗೂ ಹೊಳೆಯಲಿಲ್ಲ. ಮುಂದೆ ಜರ್ಮನಿಯ ಚಕ್ರವರ್ತಿಯಾದ ಎರಡನೇ ವಿಲ್ಹೆಲ್ಮ್ ಆ ಕೂಸು. ನರ ಕೂಡಿಸುವ ವಿದ್ಯೆ ಆಗಿನ್ನೂ ಇರಲಿಲ್ಲ. ಆಗಷ್ಟೇ ಕೊಂದ ಮೊಲದ ಬಿಸಿ ದೇಹದೊಳಗೆ ಆ ಎಳೆಗೈ ತೂರಿಸಿ ಇಡುತ್ತಿದ್ದರು, ಕರೆಂಟು ಹಾಯಿಸಿದರು, ಎಡಗೈ ಬಳಸಲಿ ಎಂದು ಒಳ್ಳೆಯ ಬಲಗೈಯನ್ನು ಮೈಗೆ ಕಟ್ಟಿಹಾಕಿದರು. ಆ ಕೈ ಇನ್ನೊಂದಕ್ಕಿಂತ ಸುಮಾರು ಹದಿನೈದು ಸೆಂಟಿಮೀಟರ್ ಗಿಡ್ಡವಾಗಿಯೇ ಉಳಿಯಿತು. ಅವನ ಫೋಟೋಗಳಲ್ಲಿ ಎಡಗೈ ಹೆಚ್ಚಾಗಿ ಕತ್ತಿಯ ಹಿಡಿಯ ಮೇಲೋ ಕೈಗವಸು ಹಿಡಿದೋ ಇರುತ್ತದೆ, ಗಿಡ್ಡ ಕಾಣಬಾರದೆಂದು. ಒಳ್ಳೆಯ ಕೈ ಕಟ್ಟಿಹಾಕುವ ಆ ಬುದ್ಧಿ ಅರಮನೆಯಲ್ಲೇ ಮುಗಿಯಲಿಲ್ಲ. ನನ್ನ ಮಗಳ ಎಡಗೈಗೆ ಬಟ್ಟೆ ಸುತ್ತಿ ಬಿಡು, ಬಲಗೈ ತಾನೇ ಬರುತ್ತೆ ಎಂದು ನಮ್ಮ ದೂರದ ನೆಂಟರೊಬ್ಬರೂ ಹೇಳಿದ್ದರು. ಡಾಕ್ಟರು, ಫಿಸಿಯೋದವರು ಕೂತು, ವಯಸ್ಸು ನೋಡಿ, ಹೊತ್ತು ಗೊತ್ತುಮಾಡಿ ಹಾಗೆ ಮಾಡಿಸುವುದುಂಟು. ಮನೆಯಲ್ಲಿ ನಾವೇ ಕಟ್ಟಿಹಾಕುವುದು ಬೇರೆ, ಅದು ಕೂಸಿಗೆ ಬರೀ ಹಿಂಸೆ.

ಈಗ ನಿಮ್ಮ ಕೆಲಸಕ್ಕೆ ಬರುತ್ತೇನೆ. ನನ್ನ ಅನುಭವದಲ್ಲಿ ಈ ಮಕ್ಕಳ ಚಿಕಿತ್ಸೆಯ ಮುಕ್ಕಾಲು ಪಾಲು ನಡೆಯಬೇಕಾದದ್ದು ಆಸ್ಪತ್ರೆಯಲ್ಲಲ್ಲ, ನಿಮ್ಮ ಬಚ್ಚಲಲ್ಲಿ. ಫಿಸಿಯೋಥೆರಪಿ ಎಂದರೆ ಹಾಸನಕ್ಕೋ ತುಮಕೂರಿಗೋ ಯಾವಾಗಲೋ ಒಮ್ಮೆ ಹೋಗಿ ಮಾಡಿಸಿಕೊಂಡು ಬರುವುದಲ್ಲ. ದಿನಾ ಆಗಬೇಕು, ಸಾಧ್ಯವಾದರೆ ದಿನಕ್ಕೆ ಹಲವು ಸಲ. ದಿನಾ ಕೂಸಿನ ಕೈಕಾಲು ಆಡಿಸುವವರು ಯಾರು? ನಮ್ಮ ಅಜ್ಜಿಯನ್ನೂ ಬಸ್ಸು ಹತ್ತಿಸಿ ಫಿಸಿಯೋದವರ ಹತ್ತಿರ ಕರೆದುಕೊಂಡು ಹೋದೆವು. ಕಲಿಸುತ್ತಿದ್ದ ಹುಡುಗಿ ತಮ್ಮ ಮೊಮ್ಮಗಳ ವಯಸ್ಸಿನವಳು ಎಂದು ಅಜ್ಜಿ ಮೊದಲು ಮುಖ ಗಂಟಿಕ್ಕಿದರೂ, ಆಮೇಲೆ ಆ ಹುಡುಗಿಗೇ ಪ್ರಶ್ನೆ ಹಾಕಿದರು: "ಎಣ್ಣೆಗೈ ಜಾರುತ್ತೆ. ಇದನ್ನ ಎಣ್ಣೆಗೆ ಮುಂಚೆ ಮಾಡ್ಲಾ, ನೀರು ಹಾಕಿದ ಮೇಲೆ ಮಾಡ್ಲಾ?" ಹುಡುಗಿ ಸ್ವಲ್ಪ ಯೋಚಿಸಿ, ಬಿಸಿನೀರಿಗೆ ಮೈ ಸಡಿಲವಾಗಿರುತ್ತೆ, ಒರೆಸಿ ಬಟ್ಟೆ ಹಾಕೋ ಮುಂಚೆ ಮಾಡಿ ಅಜ್ಜಿ ಅಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಅದೇ ಕ್ರಮ.

ಎಕ್ಸ್-ರೇ ಆಗಿ, ಡಾಕ್ಟರು ಆಡಿಸಬಹುದು ಅಂದ ಮೇಲೆ, ಕೂಸನ್ನು ಅಂಗಾತ ಮಲಗಿಸಿ. ಪೆಟ್ಟಾದ ತೋಳನ್ನು ಮಗ್ಗುಲಿಗೆ ಸೇರಿಸಿ, ಮೊಣಕೈಯನ್ನು ಮಡಚಿ, ಬೆರಳು ಸೂರು ನೋಡುವಂತೆ ಹಿಡಿಯಿರಿ. ಇನ್ನೊಂದು ಕೈಯಲ್ಲಿ ಭುಜವನ್ನು ಮೆತ್ತಗೆ ಅದುಮಿಕೊಳ್ಳಿ. ಈಗ ಮೊಣಕೈ ಮಗ್ಗುಲು ಬಿಡದಂತೆ ಮುಂಗೈಯನ್ನು ಹೊರಗಡೆಗೆ ತಿರುಗಿಸುತ್ತ ಹಾಸಿಗೆಯ ಕಡೆ ತನ್ನಿ. ಬಿಗಿ ಸಿಕ್ಕಿದಲ್ಲಿ ನಿಲ್ಲಿಸಿ, ಸ್ವಲ್ಪ ಹೊತ್ತು ಹಾಗೇ ಹಿಡಿದು ಬಿಡಿ. ಜೋರು ಮಾಡಬೇಡಿ. ಹೊರಕ್ಕೆ ತಿರುಗಿಸುವ ಈ ಒಂದು ಚಲನೆಗಾಗಿಯೇ ಇಷ್ಟೆಲ್ಲ ಬರೆದೆ ಅಂದರೂ ಸರಿ. ತೋಳನ್ನು ಒಳಕ್ಕೆ ತಿರುಗಿಸುವ ಸ್ನಾಯುಗಳಿಗೆ ಬಲ ಉಳಿದಿರುತ್ತದೆ, ಹೊರಕ್ಕೆ ತಿರುಗಿಸುವವು ಸೋತಿರುತ್ತವೆ. ಹಾಗೇ ಬಿಟ್ಟರೆ ಬೆಳೆಯುವ ಮೂಳೆ ಆ ಎಳೆತಕ್ಕೆ ತಕ್ಕಂತೆ ಬೆಳೆಯುತ್ತದೆ. ಭುಜದ ಗುಂಡು ಹಿಂದಕ್ಕೆ ಸರಿದು ಅದರ ಗೂಡು ಚಪ್ಪಟೆಯಾಗುತ್ತದೆ. ಆಮೇಲೆ ನರ ಚೇತರಿಸಿಕೊಂಡರೂ ಕೀಲು ಬಿಟ್ಟುಕೊಡುವುದಿಲ್ಲ. ನೀವು ಎಲ್ಲ ಕೂಸುಗಳಿಗೂ ಎರಡೂ ಕೈ ಎದೆಯ ಮೇಲೆ ಕತ್ತರಿ ಹಾಕಿ ಅದುಮುತ್ತೀರಲ್ಲ, ಅದು ಒಳಕ್ಕೆ ತಿರುಗಿಸುವ ಆಟ. ಈ ಕೈಗೆ ಅದು ಬೇಡ, ಅದು ಈಗಾಗಲೇ ಅಲ್ಲೇ ಇದೆ. ಅಂಗೈ ಮೇಲೆ ಮಾಡುವುದು, ಮೊಣಕೈ ಚಾಚುವುದು, ಬೆರಳು ಬಿಡಿಸುವುದು, ಬೆನ್ನಿನ ರೆಕ್ಕೆಮೂಳೆ ಹಿಡಿದುಕೊಂಡು ತೋಳನ್ನು ಕಿವಿಯವರೆಗೆ ಎತ್ತುವುದು, ಇವೆಲ್ಲ ಇದರ ಜೊತೆಗಿವೆ. ಅವನ್ನು ಕಾಗದದಿಂದ ಕಲಿಯುವುದಕ್ಕಿಂತ ಒಮ್ಮೆ ಹೋಗಿ ಕಣ್ಣಾರೆ ನೋಡಿ ಬನ್ನಿ.

ಕೂಸು ದೊಡ್ಡದಾದ ಮೇಲೂ ನಿಮ್ಮ ಕೆಲಸ ಮುಗಿಯುವುದಿಲ್ಲ. ಪೆಟ್ಟಾದದ್ದು ಬಲಗೈಯಾದರೆ ಮನೆಯಲ್ಲಿ ಇನ್ನೊಂದು ರಾಮಾಯಣ ಶುರು, ಪೆಟ್ಟಾಗುವುದು ಹೆಚ್ಚಾಗಿ ಬಲಗೈಗೇ. ಮಗು ಎಡಗೈಯಲ್ಲಿ ಉಣ್ಣುತ್ತದೆ, ಎಡಗೈಯಲ್ಲಿ ದುಡ್ಡು ಕೊಡುತ್ತದೆ, ಎಡಗೈಯಲ್ಲೇ ಕುಂಕುಮ ಇಟ್ಟುಕೊಳ್ಳುತ್ತದೆ. "ಬಲಗೈ, ಬಲಗೈ" ಎಂದು ಊಟಕ್ಕೆ ಕೂತಾಗಲೆಲ್ಲ ಅಂದರೆ ಅದು ಉಣ್ಣುವುದನ್ನೇ ಬಿಡುತ್ತದೆ. ನನ್ನ ಮಗಳು ಬಲಗೈಯಲ್ಲಿ ತುತ್ತು ಎತ್ತುವಾಗ ಮೊಣಕೈ ಭುಜದ ಮಟ್ಟಕ್ಕೆ ಏಳುತ್ತದೆ, ಪಂಕ್ತಿಯಲ್ಲಿ ಪಕ್ಕದವರ ಎಲೆಗೆ ತಾಗುತ್ತದೆ. ಈಗ ಚಪಾತಿ ಮುರಿಯುವಾಗ ಎಲೆ ಒತ್ತಿ ಹಿಡಿಯಲು ಬಲಗೈ, ಬಾಯಿಗೆ ಎಡಗೈ ಎಂದು ಅವಳೇ ಗೊತ್ತುಮಾಡಿಕೊಂಡಿದ್ದಾಳೆ. ಬಲಗೈಗೂ ಏನಾದರೊಂದು ಕೆಲಸ ಸಿಕ್ಕರೆ ಸಾಕು ಎಂದು ಫಿಸಿಯೋದವರೂ ಒಪ್ಪಿದರು.

ತೀರ್ಥದ ವಿಷಯ ಮಾತ್ರ ಸ್ವಲ್ಪ ಬಿಗಿ. ಬಲ ಅಂಗೈಯನ್ನು ಮೇಲೆ ಮಾಡಿ ಗುಳಿ ಮಾಡುವುದಿದೆಯಲ್ಲ, ಅವಳ ಕೈಗೆ ಬಾರದ್ದು ಸರಿಯಾಗಿ ಅದೇ. ಒಂದು ಜಾತ್ರೆಯ ದಿನ ಅವಳು ಎಡಗೈ ಒಡ್ಡಿದಾಗ ಅರ್ಚಕರು ಉದ್ಧರಣೆ ಹಿಂದಕ್ಕೆಳೆದುಕೊಂಡರು. ಸಾಲಿನಲ್ಲಿ ಹಿಂದೆ ನಿಂತವರೆಲ್ಲ ಇಣುಕಿದರು. ಆಗ ನಮ್ಮತ್ತೆ, ದೇವಸ್ಥಾನದಲ್ಲಿ ಯಾವತ್ತೂ ದನಿ ಎತ್ತದವರು, "ಆ ಕೈಗೆ ತಿರುಗೋ ಶಕ್ತಿ ಇಲ್ಲ ಸ್ವಾಮಿ, ಈ ಕೈಗೇ ಹಾಕಿ" ಅಂದರು. ಹಾಕಿದರು. ನಾನು ಹೇಳಿದ್ದರೆ ವಾದವಾಗುತ್ತಿತ್ತು. ಮಡಿ-ಮೈಲಿಗೆಯ ಲೆಕ್ಕದಲ್ಲಿ ಅತ್ತೆಯ ಮಾತಿಗೆ ಇರುವ ಅಧಿಕಾರ ನನ್ನ ಮಾತಿಗಿಲ್ಲ, ಅದನ್ನು ಒಳ್ಳೆಯದಕ್ಕೆ ಬಳಸಿದರೆ ಯಾರಿಗೇನು ನಷ್ಟ? ಸ್ಕೂಲಿನಲ್ಲಿ, ಮದುವೆ ಮನೆಯಲ್ಲಿ, "ಇದರ ಕೈಗೇನಾಗಿದೆ?" ಎಂದು ಕೇಳಿದವರಿಗೆ ಅತ್ತೆ ಈಗಲೂ ಹೀಗೇ ಒಂದೇ ಸಾಲಿನಲ್ಲಿ ಹೇಳಿ, ಮುಂದಿನ ಮಾತಿಗೆ ಹೋಗುತ್ತಾರೆ. ಅಯ್ಯೋ ಪಾಪ ಎನ್ನಲು ಕೇಳಿದವರಿಗೆ ಸಮಯವೇ ಸಿಗುವುದಿಲ್ಲ.

ಕೊನೆಗೆ ಒಂದೆರಡು ಚಿಲ್ಲರೆ ಮಾತು. ಅಂಗಿ ತೊಡಿಸುವಾಗ ಮೊದಲು ಪೆಟ್ಟಾದ ಕೈ, ತೆಗೆಯುವಾಗ ಅದು ಕೊನೆಗೆ. ಹಿಂದೆ ಗುಂಡಿ ಇರುವ ಬಿಗಿ ಅಂಗಿಗಿಂತ ಮುಂದೆ ಕಟ್ಟುವ ಜಬಲ ಒಳ್ಳೆಯದು. ನೀರಿನ ಬಿಸಿಯನ್ನು ಆ ಕೈಗೆ ಮುಟ್ಟಿಸಿ ನೋಡಬೇಡಿ, ಅಲ್ಲಿ ಸ್ಪರ್ಶ ಕಡಿಮೆ ಇದ್ದರೆ ಸುಟ್ಟರೂ ಕೂಸು ಅಳುವುದಿಲ್ಲ. ಹಲ್ಲು ಬರುವ ಕಾಲದಲ್ಲಿ ಕೆಲವು ಮಕ್ಕಳು ಅದೇ ಬೆರಳುಗಳನ್ನು ರಕ್ತ ಬರುವ ಹಾಗೆ ಕಚ್ಚಿಕೊಳ್ಳುತ್ತವೆ. ಬೈಯಬೇಡಿ, ನೋವು ತಿಳಿಯದೆ ಕಚ್ಚುವುದು ಅದು. ತೆಳು ಬಟ್ಟೆಯ ಚೀಲ ಹೊಲಿದು ತೊಡಿಸಿ. ಸಾಂಬ್ರಾಣಿ ಹೊಗೆ ಹಾಕುವಾಗ ಕೆಂಡದ ಕಡೆಗೆ ಆ ಕೈ ಬರದಂತೆ ಮಲಗಿಸಿ. ಮಲಗಿದಾಗ ಆ ಕೈ ಬೆನ್ನಡಿಗೆ ಸಿಕ್ಕಿಕೊಂಡಿದೆಯೇ ಎಂದು ನಡುನಡುವೆ ನೋಡುತ್ತಿರಿ, ಸಿಕ್ಕಿಕೊಂಡರೂ ಅದು ತಾನಾಗಿ ಬಿಡಿಸಿಕೊಳ್ಳಲಾರದು.

ಇಂತಿ ನಿಮ್ಮ,
ಅರಸೀಕೆರೆ ಕಡೆಯ ಒಬ್ಬ ತಾಯಿ